ಹೆನ್ರಿ ಮನೆತನದ ಕೋವಿ

1763ರ ಡಿಸೆಂಬರ್ 27. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಪೇಟೆಯಲ್ಲಿ ಕ್ರಿಸ್‌ಮಸ್ ಕಳೆದು ಎರಡು ದಿನವಾಗಿತ್ತು. ಗಡಿ ಊರುಗಳ ಕಡೆಯಿಂದ ಬಂದ ಕುದುರೆ ಸವಾರರ ಗುಂಪೊಂದು ಹಾಡಹಗಲಲ್ಲೇ ಪೇಟೆಗೆ ನುಗ್ಗಿತು. ಕೊನೆಸ್ಟೋಗಾ ಎಂಬ ಸಣ್ಣ ಬುಡಕಟ್ಟಿನ 14 ಜನರನ್ನು ಸರ್ಕಾರ ರಕ್ಷಣೆಗೆಂದು ಒಂದು ಕಟ್ಟಡದಲ್ಲಿ ಇರಿಸಿತ್ತು. ಗುಂಪು ಅದರ ಬಾಗಿಲೊಡೆದು ಒಳಹೊಕ್ಕು ಮಕ್ಕಳು ಮರಿ ಎನ್ನದೆ ಎಲ್ಲರನ್ನೂ ಕೊಂದು, ಬಂದ ದಾರಿಯಲ್ಲೇ ಹೊರಟುಹೋಯಿತು. ಹದಿಮೂರು ದಿನಗಳ ಹಿಂದೆ ಅದೇ ಬುಡಕಟ್ಟಿನ 6 ಜನರನ್ನು ಅವರ ಹಟ್ಟಿಯಲ್ಲೇ ಮುಗಿಸಿದ್ದವರೂ ಇವರೇ. ಚರಿತ್ರೆಯಲ್ಲಿ ಇವರಿಗೆ 'ಪ್ಯಾಕ್ಸ್‌ಟನ್ ಬಾಯ್ಸ್' ಎಂಬ ಹೆಸರು ಉಳಿದಿದೆ. ಯಾರಿಗೂ ಶಿಕ್ಷೆಯಾಗಲಿಲ್ಲ.

ಸುದ್ದಿ ಕೇಳಿ ಆ ಕಟ್ಟಡದ ಅಂಗಳಕ್ಕೆ ಓಡಿಬಂದವರಲ್ಲಿ ವಿಲಿಯಂ ಹೆನ್ರಿ ಒಬ್ಬ. ಪೇಟೆಯ ಗಣ್ಯ, ಜಸ್ಟಿಸ್ ಆಫ್ ದಿ ಪೀಸ್ ಎಂಬ ನ್ಯಾಯಾಧಿಕಾರಿ, ಕಸುಬಿನಲ್ಲಿ ಕೋವಿ ತಯಾರಕ. ಅಲ್ಲಿ ಕಂಡದ್ದನ್ನು ವಿವರಿಸುವ ಅವನ ಪತ್ರವನ್ನು ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಮಿಷನರಿ ಜಾನ್ ಹೆಕೆವೆಲ್ಡರ್ ಮುಂದೆ ಪ್ರಕಟಿಸಿದ. ಆ ಹತ್ಯೆಯ ಬಗ್ಗೆ ಉಳಿದಿರುವ ಹತ್ತಿರದ ಸಾಕ್ಷ್ಯಗಳಲ್ಲಿ ಅದೂ ಒಂದು; ಓದಲು ಗಟ್ಟಿ ಮನಸ್ಸು ಬೇಕು. ಸತ್ತವರಲ್ಲಿ ಕೆಲವರ ಪರಿಚಯ ಪೇಟೆಯವರಿಗೆಲ್ಲ ಇತ್ತು. ಕೊಂದವರ ಸೀಮೆಗೆ ಕೋವಿ ಹೋಗುತ್ತಿದ್ದದ್ದು ಬಹುಪಾಲು ಲ್ಯಾಂಕಾಸ್ಟರ್ ಸುತ್ತಲಿನ ಕುಲುಮೆಗಳಿಂದ. ಅಮೆರಿಕದ ಉದ್ದ ನಳಿಗೆಯ ಕೋವಿಯ ಚರಿತ್ರೆಯನ್ನು ಸಾಮಾನ್ಯವಾಗಿ ಗುರಿಕಾರರ ಸಾಹಸಗಳಿಂದ ಶುರು ಮಾಡುತ್ತಾರೆ. ಅದನ್ನು ಮಾಡಿ ಮಾರಿದವರ ಮನೆಯಿಂದ ಶುರು ಮಾಡಿದರೆ ಕಥೆ ಬೇರೆಯೇ ದಾರಿ ಹಿಡಿಯುತ್ತದೆ. ಹೆನ್ರಿಗಳ ಮನೆ ಅದಕ್ಕೆ ತಕ್ಕ ಜಾಗ. ಒಂದೇ ವಂಶ ಸುಮಾರು ಒಂದೂವರೆ ಶತಮಾನ ಈ ಕಸುಬು ಮಾಡಿತು.

ಕೋವಿಯ ಮಾತು ಮೊದಲು ಆಗಿಬಿಡಲಿ. ಹದಿನೆಂಟನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನ್ ಮತ್ತು ಸ್ವಿಸ್ ವಲಸಿಗರು ಪೆನ್ಸಿಲ್ವೇನಿಯಾಕ್ಕೆ ಬಂದಾಗ ತಮ್ಮ ಬೇಟೆಗಾರರ 'ಯೇಗರ್' ಕೋವಿಯನ್ನೂ ತಂದರು. ಅದು ಮೋಟು, ದಪ್ಪ. ನಳಿಗೆ ಹೆಚ್ಚೆಂದರೆ ಎರಡೂವರೆ ಅಡಿ, ಬಾಯಿ ಅಗಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗಾಡಿ (ತೋಡು) ಕೊರೆದಿರುವುದೇ ಅದರ ಹೆಚ್ಚುಗಾರಿಕೆ. ಗಾಡಿಯನ್ನು ಹಿಡಿದು ಹೊರಟ ಗುಂಡು ಬುಗುರಿಯ ಹಾಗೆ ಗಿರಗಿರನೆ ತಿರುಗುತ್ತ ಹೋಗುವುದರಿಂದ ದಾರಿ ತಪ್ಪುವುದು ಕಡಿಮೆ. ಪೆನ್ಸಿಲ್ವೇನಿಯಾದ ಕುಶಲಕರ್ಮಿಗಳು ಎರಡು ಮೂರು ತಲೆಮಾರುಗಳಲ್ಲಿ ಈ ಕೋವಿಯ ರೂಪವನ್ನೇ ಬದಲಿಸಿದರು. ನಳಿಗೆ ಮೂರೂವರೆ ಅಡಿ ದಾಟಿತು, ಬಾಯಿ ಕಿರಿದಾಯಿತು, ಮರದ ಭಾಗಕ್ಕೆ ಅಲೆಅಲೆ ಗೆರೆಯ ಮೇಪಲ್ ಬಂತು, ಹಿಡಿಯ ಪಕ್ಕದಲ್ಲಿ ಹಿತ್ತಾಳೆ ಮುಚ್ಚಳದ ಸಣ್ಣ ಗೂಡು ಬಂತು.

ಬಾಯಿ ಕಿರಿದಾದದ್ದಕ್ಕೆ ಕಾರಣ ಲೆಕ್ಕಾಚಾರ. ಕಾಡಿನಲ್ಲಿ ತಿಂಗಳುಗಟ್ಟಲೆ ಅಲೆಯುವವನು ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆ ಹೊರಬೇಕು. ಒಂದು ಪೌಂಡ್ ಸೀಸದಿಂದ 60 ಕ್ಯಾಲಿಬರಿನ ಯೇಗರಿಗೆ 20 ಚಿಲ್ಲರೆ ಗುಂಡು ಎರಕ ಹೊಯ್ಯಬಹುದು. 45 ಕ್ಯಾಲಿಬರಿನ ಉದ್ದ ಕೋವಿಗಾದರೆ ಹತ್ತಿರ ಹತ್ತಿರ 50. ಮದ್ದಿನಲ್ಲೂ ಅಂಥದೇ ಉಳಿತಾಯ. ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆಚೂರಿನಲ್ಲಿ ಗುಂಡನ್ನು ಸುತ್ತಿ ಗಜದಿಂದ ದೂಡಿದರೆ ಅದು ಗಾಡಿಗೆ ಬಿಗಿಯಾಗಿ ಕೂರುತ್ತದೆ, ಮದ್ದಿನ ಹೊಗೆ ಪಕ್ಕಕ್ಕೆ ಸೋರಿಹೋಗದು. ಆ ಬಟ್ಟೆಚೂರು, ಕೊಬ್ಬು ಇಡಲಿಕ್ಕೇ ಹಿಡಿಯ ಪಕ್ಕದ ಹಿತ್ತಾಳೆ ಗೂಡು.

ಮಾಡುವ ಕೆಲಸ ಸುಲಭದ್ದಲ್ಲ. ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ, ಸರಳೊಂದರ ಸುತ್ತ ಬಗ್ಗಿಸಿ, ಕೆಲವೇ ಅಂಗುಲದಂತೆ ಬಡಿದು ಬೆಸೆಯುತ್ತ ಹೋಗಬೇಕು. ಆಮೇಲೆ ಒಳಗೆ ಕೊರೆದು ನಯ ಮಾಡಬೇಕು, ನಳಿಗೆ ನೇರವಿದೆಯೇ ಎಂದು ನೋಡಿ ತಿದ್ದಬೇಕು, ಹೊರಮೈಯನ್ನು ಎಂಟು ಮುಖವಾಗಿ ಉಜ್ಜಬೇಕು. ಗಾಡಿ ಕೊರೆಯಲು ಒಂದು ಮರದ ಸಾಧನ; ಅದರ ಮೇಲಿನ ಸುರುಳಿಯೇ ನಳಿಗೆಯೊಳಗಿನ ಸುರುಳಿಗೆ ಮಾದರಿ. ಪುಟ್ಟ ಉಕ್ಕಿನ ಹಲ್ಲನ್ನು ಎಳೆಎಳೆದು, ಒಂದೊಂದು ಸಲಕ್ಕೆ ಕೂದಲೆಳೆಯಷ್ಟು ಕೆರೆದು, ಸಾಮಾನ್ಯವಾಗಿ ಏಳು ಗಾಡಿ ತೆಗೆಯುತ್ತಿದ್ದರು. ಚಕಮಕಿ ಕಲ್ಲಿನ ಕುದುರೆ, ರಂಜಕದ ಬಟ್ಟಲು, ಮರಗೆಲಸ, ಹಿತ್ತಾಳೆ ಎರಕ, ಕೆತ್ತನೆ ಇವೆಲ್ಲ ಇದರ ಮೇಲೆ. ಒಬ್ಬ ಕಮ್ಮಾರ ಒಬ್ಬನೇ ಕೂತು ಒಂದು ಕೋವಿ ಹುಟ್ಟಿಸಿದ ಎನ್ನುವುದು ಚಿತ್ರಪಟಕ್ಕೆ ಚೆನ್ನ. ನಿಜವಾದ ಕಾರ್ಯಾಗಾರಗಳಲ್ಲಿ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗಿತ್ತು. ಚಕಮಕಿ ಕಲ್ಲಿನ ಕುದುರೆಯನ್ನು ಇಂಗ್ಲೆಂಡಿನಿಂದ ತರಿಸಿಕೊಳ್ಳುವುದೂ ಮಾಮೂಲಾಗಿತ್ತು.

ಮೊದಲು ಮಾಡಿದವರು ಯಾರು? ಲ್ಯಾಂಕಾಸ್ಟರ್ ಬಳಿಯ ಮಾರ್ಟಿನ್ ಮೈಲಿನ್ ಎಂಬವನ ಹೆಸರನ್ನು ಬಹಳ ಕಾಲ ಹೇಳುತ್ತಿದ್ದರು; ಅವನದೆನ್ನುವ ಕಲ್ಲಿನ ಪುಟ್ಟ ಕಟ್ಟಡ ಈಗಲೂ ನಿಂತಿದೆ. ಈ ಶತಮಾನದ ಮೊದಲ ದಶಕದಲ್ಲಿ ಮಿಲ್ಲರ್ಸ್‌ವಿಲ್ ವಿಶ್ವವಿದ್ಯಾಲಯದವರು ಅಲ್ಲಿ ಅಗೆದು ನೋಡಿದಾಗ ಕಮ್ಮಾರಿಕೆಯ ಕುರುಹು ಧಾರಾಳವಾಗಿ ಸಿಕ್ಕಿತು, ಕೋವಿ ಕೆಲಸದ ಕುರುಹು ಸಿಗಲಿಲ್ಲ. ಮೂಲಪುರುಷನನ್ನು ಹುಡುಕುವ ಚಟ ಎಲ್ಲ ಊರಲ್ಲೂ ಇದೆ. ಈ ಕೋವಿಗೆ ಅಂಥ ಒಬ್ಬ ಮೂಲಪುರುಷ ಬೇಕಾಗಿಯೂ ಇರಲಿಲ್ಲ ಎಂದೇ ನನ್ನ ಅನಿಸಿಕೆ.

ವಿಲಿಯಂ ಹೆನ್ರಿ ಹುಟ್ಟಿದ್ದು 1729ರಲ್ಲಿ, ಚೆಸ್ಟರ್ ಕೌಂಟಿಯ ಸ್ಕಾಟ್-ಐರಿಶ್ ಮೂಲದ ಮನೆಯಲ್ಲಿ. ಹದಿಹರೆಯದಲ್ಲಿ ಲ್ಯಾಂಕಾಸ್ಟರಿನ ಮಥಾಯಸ್ ರೋಸರ್ ಎಂಬ ಜರ್ಮನ್ ಕೋವಿ ತಯಾರಕನ ಬಳಿ ಕೆಲಸ ಕಲಿತ. 1750ರ ದಶಕದಲ್ಲಿ ಜೋಸೆಫ್ ಸೈಮನ್ ಎಂಬ ಯಹೂದಿ ವರ್ತಕನೊಂದಿಗೆ ಪಾಲುದಾರಿಕೆ ಮಾಡಿಕೊಂಡ. ಸೈಮನ್‌ನ ವ್ಯಾಪಾರ ಪಶ್ಚಿಮದ ಕಾಡುಗಳವರೆಗೆ ಹಬ್ಬಿತ್ತು. ಮೂಲನಿವಾಸಿಗಳಿಂದ ಚರ್ಮ ಕೊಳ್ಳುವುದು, ಅವರಿಗೆ ಬಟ್ಟೆ, ಕಬ್ಬಿಣದ ಸಾಮಾನು, ಕೋವಿ ಮಾರುವುದು. ಹೀಗೆ ಕೋವಿ ಎರಡೂ ಕಡೆಯವರ ಕೈ ಸೇರುತ್ತಿತ್ತು. 1755ರಲ್ಲಿ ಜನರಲ್ ಬ್ರಾಡಕ್, 1758ರಲ್ಲಿ ಜನರಲ್ ಫೋರ್ಬ್ಸ್ ಫ್ರೆಂಚರ ಮೇಲೆ ದಂಡೆತ್ತಿ ಹೋದಾಗ ಸೇನೆಯ ಆಯುಧ ರಿಪೇರಿಯ ಹೊಣೆ ಹೊತ್ತು ಹೆನ್ರಿಯೂ ಹೋದ.

ಹಣ ಬಂದ ಮೇಲೆ ಅವನ ಮನೆ ಪುಸ್ತಕ ಓದುವವರ, ಚಿತ್ರ ಬರೆಯುವವರ ಮನೆಯಾಯಿತು. 1756ರ ಸುಮಾರಿಗೆ ಬೆಂಜಮಿನ್ ವೆಸ್ಟ್ ಎಂಬ ಹದಿನೇಳು ಹದಿನೆಂಟರ ಹುಡುಗ ಲ್ಯಾಂಕಾಸ್ಟರಿಗೆ ಬಂದು ಹೆನ್ರಿಯನ್ನೂ ಹೆಂಡತಿ ಆ್ಯನ್ ವುಡ್‌ಳನ್ನೂ ಚಿತ್ರಿಸಿದ. ಬರೀ ಮುಖ ಬರೆದು ಕೈ ಯಾಕೆ ಸವೆಸುತ್ತೀ, ಸಾಕ್ರಟೀಸನ ಸಾವನ್ನು ಬರಿ ಎಂದು ಹೆನ್ರಿ ಹುರಿದುಂಬಿಸಿದನಂತೆ. ಸಾಕ್ರಟೀಸ್ ಯಾರೆಂದು ಹುಡುಗನಿಗೆ ಗೊತ್ತಿರಲಿಲ್ಲ. ಹೆನ್ರಿ ಪುಸ್ತಕ ತೆಗೆದು ಓದಿ ಹೇಳಿದ, ವಿಷದ ಬಟ್ಟಲು ಕೊಡುವ ಗುಲಾಮನ ಪಾತ್ರಕ್ಕೆ ತನ್ನ ಕುಲುಮೆಯ ಆಳೊಬ್ಬನನ್ನೇ ಮಾದರಿಯಾಗಿ ನಿಲ್ಲಿಸಿದ. ವೆಸ್ಟ್‌ನ ಜೀವನಚರಿತ್ರೆ ಬರೆದ ಜಾನ್ ಗಾಲ್ಟ್ ಹೇಳುವ ಕಥೆ ಇದು. ಆ ಹುಡುಗ ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿಯ ಅಧ್ಯಕ್ಷನಾದ. ಹೆನ್ರಿ ಉಗಿದೋಣಿಯ ಕನಸನ್ನೂ ಕಂಡಿದ್ದ. 1763ರಲ್ಲೇ ಕೊನೆಸ್ಟೋಗಾ ಹೊಳೆಯಲ್ಲಿ ಅದನ್ನು ಓಡಿಸಿ ನೋಡಿದ ಎಂದು ಮನೆಯವರ ಮಾತು. ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಆದರೆ 1785ರಲ್ಲಿ ತಾನು ಭೇಟಿಯಾದಾಗ ಹೆನ್ರಿ ಈ ಯೋಚನೆ ತನಗೆ ಮೊದಲೇ ಬಂದಿತ್ತೆಂದು ಹೇಳಿದ ಎಂದು ಉಗಿದೋಣಿ ನಿರ್ಮಿಸಿದ ಜಾನ್ ಫಿಚ್ ತಾನೇ ಬರೆದಿದ್ದಾನೆ. ಅಷ್ಟನ್ನು ನಂಬಬಹುದು.

1765ರಲ್ಲಿ, ಅಂದರೆ ಆ ಹತ್ಯೆ ನಡೆದು ಎರಡು ವರ್ಷದೊಳಗೆ, ಹೆನ್ರಿ ಮೊರೇವಿಯನ್ ಪಂಥ ಸೇರಿದ. ಒಂದಕ್ಕೊಂದು ಸಂಬಂಧ ಕಲ್ಪಿಸಲು ಪುರಾವೆಯಿಲ್ಲ. ಮೊರೇವಿಯನ್ನರು ಯುದ್ಧಕ್ಕೆ ಆಯುಧ ಹಿಡಿಯಲು ಹಿಂಜರಿಯುವ ಜನ. ಮೂಲನಿವಾಸಿಗಳ ನಡುವೆ ಮಿಷನ್ ಕಟ್ಟಿ ಅವರ ಭಾಷೆ ಕಲಿತವರು. ಆದರೂ ನಜರೆತ್ ಬಳಿಯ 'ಕ್ರಿಶ್ಚಿಯನ್ಸ್ ಸ್ಪ್ರಿಂಗ್' ಎಂಬ ಅವರ ಬ್ರಹ್ಮಚಾರಿ ಸೋದರರ ನೆಲೆಯಲ್ಲಿ 1760ರ ದಶಕದಿಂದ ಒಂದು ಕೋವಿ ಕಾರ್ಯಾಗಾರ ನಡೆಯುತ್ತಿತ್ತು. ಟ್ಯುರಿಂಗಿಯಾದಿಂದ ಬಂದ ಆಂಡ್ರಿಯಾಸ್ ಆಲ್‌ಬ್ರೆಕ್ಟ್ ಅಲ್ಲಿ ಗುರು, ಕ್ರಿಶ್ಚಿಯನ್ ಓರ್ಟರ್ ಶಿಷ್ಯ. ಬೇಟೆಯ ಕೋವಿ ಬೇರೆ, ಯುದ್ಧದ ಕೋವಿ ಬೇರೆ ಎಂದು ಅವರು ಸಮಾಧಾನ ಮಾಡಿಕೊಂಡಿರಬೇಕು. ಓರ್ಟರ್ ತನ್ನ ಕೋವಿಗಳ ಮೇಲೆ ಹೆಸರು, ಇಸವಿ ಕೆತ್ತುತ್ತಿದ್ದ. ತಯಾರಕರು ಹೀಗೆ ಗುರುತು ಬಿಟ್ಟಿರುವುದು ಅಪರೂಪವಾದ್ದರಿಂದ ಸಂಗ್ರಾಹಕರಿಗೆ ಅವು ಚಿನ್ನ. 1775ರ ಇಸವಿಯ ಒಂದು ಕೋವಿ 1971ರಲ್ಲಿ ವ್ಯಾಲಿ ಫೋರ್ಜ್‌ನ ಪ್ರದರ್ಶನದಿಂದ ಕಳುವಾಗಿ, ಹತ್ತಿರ ಹತ್ತಿರ ಅರ್ಧ ಶತಮಾನ ಕಣ್ಮರೆಯಾಗಿದ್ದು, 2018ರಲ್ಲಿ ಪತ್ತೆಯಾಯಿತು. ಯಾರದೋ ಹಳೆಯ ಸಾಮಾನಿನ ರಾಶಿಯಲ್ಲಿ ಅದನ್ನು ಕೊಂಡ ವ್ಯಾಪಾರಿ ಮೊದಲು ಇದು ನಕಲಿಯೆಂದೇ ತಿಳಿದಿದ್ದ.

1775ರಲ್ಲಿ ಬ್ರಿಟಿಷರೊಂದಿಗೆ ಯುದ್ಧ ಶುರುವಾಯಿತು. ಜೂನ್ 14ರಂದು ಕಾಂಟಿನೆಂಟಲ್ ಕಾಂಗ್ರೆಸ್ ಗಾಡಿ ಕೊರೆದ ಕೋವಿ ಹಿಡಿದ ಹತ್ತು ಕಂಪನಿ ರೈಫಲ್‌ಧಾರಿಗಳನ್ನು ನೇಮಿಸಲು ತೀರ್ಮಾನಿಸಿತು, ಆರು ಪೆನ್ಸಿಲ್ವೇನಿಯಾದವು. ಉದ್ದ ಕೋವಿಯ ದಂತಕಥೆ ಹುಟ್ಟುವುದು ಇಲ್ಲಿ. ಲ್ಯಾಂಕಾಸ್ಟರಿನ ಕುಲುಮೆಗಳಲ್ಲಿ ನಡೆದದ್ದನ್ನು ನೋಡಿದರೆ ಮಾತ್ರ ಚಿತ್ರ ತಿರುವುಮುರುವಾಗುತ್ತದೆ. ರೈಫಲ್ ತುಂಬಲು ಹೊತ್ತು ಬೇಕು. ಪಳಗಿದ ಸಿಪಾಯಿ ಗಾಡಿಯಿಲ್ಲದ ಮಸ್ಕೆಟ್ ಕೋವಿಯನ್ನು ನಿಮಿಷಕ್ಕೆ ಮೂರು ಸಲ ಹಾರಿಸುವಲ್ಲಿ ರೈಫಲಿಗ ಒಂದು ಸಲ ಹಾರಿಸಿದರೆ ಹೆಚ್ಚು. ಮೇಲಾಗಿ ರೈಫಲಿನ ತುದಿಗೆ ಬಯೊನೆಟ್ ಎಂಬ ಚೂರಿಯನ್ನು ಸಿಕ್ಕಿಸಲಾಗದು. ಶತ್ರು ಓಡಿಬಂದು ಮೈಮೇಲೆ ಬಿದ್ದರೆ ರೈಫಲಿಗನ ಕೈಯಲ್ಲಿರುವುದು ಉದ್ದನೆಯ ದೊಣ್ಣೆ. ಸೇನೆಗೆ ಬೇಕಾದದ್ದು ಮಸ್ಕೆಟ್. ಆ ವರ್ಷದ ನವೆಂಬರಿನಲ್ಲಿ ಲ್ಯಾಂಕಾಸ್ಟರಿನ ಸಮಿತಿ ಕೋವಿ ತಯಾರಕರಿಗೆ ಕಟ್ಟಪ್ಪಣೆ ಮಾಡಿತು: ಇತರ ಕೆಲಸ ಬಿಟ್ಟು ಮಸ್ಕೆಟ್, ಬಯೊನೆಟ್ ಮಾಡಬೇಕು, ಒಲ್ಲೆನೆಂದವನ ಉಪಕರಣ ಜಪ್ತಿ. ಸ್ವಾತಂತ್ರ್ಯ ಯುದ್ಧದ ಸಂಕೇತವಾಗಿ ಮೆರೆಯುವ ಕೋವಿಯನ್ನು ಅದರ ತವರಿನಲ್ಲೇ ಯುದ್ಧದ ಹೆಸರಿನಲ್ಲಿ ಬದಿಗಿರಿಸಿದರು.

ಹಾಗೆಂದು ರೈಫಲ್ ಪ್ರಯೋಜನಕ್ಕೆ ಬರಲೇ ಇಲ್ಲ ಎಂದಲ್ಲ. 1777ರ ಅಕ್ಟೋಬರ್ 7ರಂದು ಸಾರಾಟೋಗಾದಲ್ಲಿ ಡ್ಯಾನಿಯಲ್ ಮಾರ್ಗನ್‌ನ ಪಡೆ ಬ್ರಿಟಿಷ್ ಅಧಿಕಾರಿಗಳನ್ನು ಆರಿಸಿ ಹೊಡೆಯಿತು. ಜನರಲ್ ಸೈಮನ್ ಫ್ರೇಸರ್ ಬಿದ್ದ. ಟಿಮೊಥಿ ಮರ್ಫಿ ಎಂಬವನ ಗುಂಡೇ ಅವನನ್ನು ಉರುಳಿಸಿತು ಎಂಬ ಪ್ರಸಿದ್ಧ ಕಥೆ ಎಷ್ಟೋ ದಶಕಗಳ ನಂತರ ಬರಹಕ್ಕಿಳಿದದ್ದು. ಇತಿಹಾಸಕಾರರು ಅದನ್ನು ಅನುಮಾನದಿಂದಲೇ ನೋಡುತ್ತಾರೆ. 1780ರ ಕಿಂಗ್ಸ್ ಮೌಂಟನ್ ಕದನದಲ್ಲಂತೂ ಗುಡ್ಡಗಾಡಿನ ರೈಫಲಿಗರದೇ ಕೈ ಮೇಲಾಯಿತು. ಮಾರ್ಗನ್‌ನ ಪಡೆಗೂ ಬೆಂಬಲಕ್ಕೆ ಬಯೊನೆಟ್ ಹಿಡಿದ ಕಾಲಾಳುಗಳು ಬೇಕಾದರು ಎನ್ನುವುದನ್ನು ಹೇಳುವವರು ಕಡಿಮೆ.

ಹೆನ್ರಿಯ ಎರಡನೆಯ ಮಗ ಜಾನ್ ಜೋಸೆಫ್ 1775ರಲ್ಲಿ ಹದಿನಾರರ ಹುಡುಗ. ಕೋವಿ ಕೆಲಸದ ಚಿಕ್ಕಪ್ಪನ ಜೊತೆ ಡೆಟ್ರಾಯಿಟ್‌ವರೆಗೆ ಹೋಗಿ, ಕಸುಬು ಹತ್ತದೆ ಕಾಡು ದಾಟಿ ಮರಳಿ ಬಂದವನು. ಯುದ್ಧ ಬಂದದ್ದೇ ತಡ, ಅಪ್ಪನಿಗೆ ಹೇಳದೆ ಕೇಳದೆ ಒಂದು ರೈಫಲ್ ಕಂಪನಿ ಸೇರಿಬಿಟ್ಟ. ಆ ಕಂಪನಿಯ ಕ್ಯಾಪ್ಟನ್ ಮ್ಯಾಥ್ಯೂ ಸ್ಮಿತ್. ಈ ಸ್ಮಿತ್ ಬೇರೆ ಯಾರೂ ಅಲ್ಲ. 1764ರ ಫೆಬ್ರವರಿಯಲ್ಲಿ ಪ್ಯಾಕ್ಸ್‌ಟನ್ ಬಾಯ್ಸ್ ಫಿಲಡೆಲ್ಫಿಯಾದತ್ತ ದಂಡು ಕಟ್ಟಿಕೊಂಡು ನಡೆದಾಗ ಅವರ ಪರವಾಗಿ ಅಹವಾಲಿಗೆ ಸಹಿ ಹಾಕಿದ ಇಬ್ಬರು ಮುಂದಾಳುಗಳಲ್ಲಿ ಒಬ್ಬ. ಲ್ಯಾಂಕಾಸ್ಟರಿನ ಆ ಅಂಗಳದಲ್ಲಿ ಹೆಣಗಳನ್ನು ಕಂಡವನ ಮಗ, ಕೊಂದವರ ಮುಖಂಡನ ಕೈಕೆಳಗೆ ಹನ್ನೆರಡು ವರ್ಷಗಳೊಳಗೆ ದೇಶಭಕ್ತ ಸಿಪಾಯಿಯಾಗಿ ನಡೆದ. ಗಡಿಯ ಸಿಟ್ಟೂ ಸ್ವಾತಂತ್ರ್ಯದ ಹಂಬಲವೂ ಒಂದೇ ಪಡೆಯಲ್ಲಿ ಬೆರೆತದ್ದು ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಬೆನೆಡಿಕ್ಟ್ ಆರ್ನಾಲ್ಡ್‌ನ ನಾಯಕತ್ವದಲ್ಲಿ ಮೇನ್ ಪ್ರಾಂತದ ಕಾಡು ದಾಟಿ ಕ್ವಿಬೆಕ್‌ಗೆ ಹೋದ ಆ ಕಂಪನಿಯ ಯಾತ್ರೆ ಹಸಿವಿನ ಯಾತ್ರೆಯಾಯಿತು. ಜತೆಗೆ ಬಂದ ನಾಯಿಯನ್ನು ಕೊಂದು ತಿಂದರು, ಚರ್ಮವನ್ನು ಬೇಯಿಸಿ ತಿಂದರು. ಡಿಸೆಂಬರ್ 31ರ ಹಿಮಪಾತದಲ್ಲಿ ಕೋಟೆಯ ಮೇಲೆ ನಡೆದ ದಾಳಿ ಸೋತು ಹುಡುಗ ಸೆರೆಸಿಕ್ಕ. ಸ್ಕರ್ವಿ ಹತ್ತಿ, ಕಾಲು ಕುಂಟಾಗಿ ಮನೆಗೆ ಬಂದ. ಕಸುಬಿಗೆ ಆಗದವನು ಕಾನೂನು ಓದಿ ನ್ಯಾಯಾಧೀಶನಾದ. ಕ್ವಿಬೆಕ್ ಯಾತ್ರೆಯ ನೆನಪುಗಳನ್ನು ಬರೆದಿಟ್ಟ. 1811ರಲ್ಲಿ ಅವನು ತೀರಿಕೊಂಡ ಮರುವರ್ಷ ಅದು ಪುಸ್ತಕವಾಗಿ ಬಂತು. ಯುದ್ಧದ ದಿನಗಳಲ್ಲಿ ತಮ್ಮ ಮನೆಯಲ್ಲಿ ಉಳಿದಿದ್ದ ಲೇಖಕ ಥಾಮಸ್ ಪೇನ್‌ನ ಸೋಮಾರಿತನದ ಬಗ್ಗೆಯೂ ಅದರಲ್ಲಿ ದೂರಿದೆ. ಕೋವಿ ಮಾಡುವವರ ಮಗನಿಗೆ, ಬರೆಯುವವನು ಹಗಲು ಹೊತ್ತು ಮಲಗಿ ಯೋಚಿಸುವುದು ಕೆಲಸವೆಂದು ಕಾಣಲಿಲ್ಲವೇನೋ.

ತಂದೆ ವಿಲಿಯಂ ಹೆನ್ರಿ ಯುದ್ಧಕಾಲದಲ್ಲಿ ಸೇನೆಗೆ ಆಯುಧ, ಚರ್ಮ, ಬೂಟು ಒದಗಿಸುವ ಹೊಣೆ ಹೊತ್ತ. ಕೌಂಟಿಯ ಖಜಾಂಚಿಯಾದ, ಕೊನೆಗೆ ಕಾಂಗ್ರೆಸ್ಸಿಗೂ ಹೋದ. 1786ರ ಡಿಸೆಂಬರಿನಲ್ಲಿ ಅವನು ಸತ್ತಾಗ ಆ್ಯನ್ ವುಡ್ ಹೆನ್ರಿ ಖಜಾಂಚಿಯ ಲೆಕ್ಕಪತ್ರಗಳನ್ನು ಕೈಗೆತ್ತಿಕೊಂಡಳು. 1799ರಲ್ಲಿ ತಾನು ಸಾಯುವತನಕ ಆ ಕೆಲಸ ನಡೆಸಿದಳು. ಅಮೆರಿಕದಲ್ಲಿ ಸಾರ್ವಜನಿಕ ಹುದ್ದೆ ನಿರ್ವಹಿಸಿದ ಮೊದಮೊದಲ ಹೆಂಗಸರಲ್ಲಿ ಆಕೆಯೂ ಒಬ್ಬಳು.

ಕಸುಬು ಮುಂದುವರಿಸಿದವನು ಹಿರಿಯ ಮಗ, ಅಪ್ಪನ ಹೆಸರೇ ಹೊತ್ತ ಕಿರಿಯ ವಿಲಿಯಂ. ಓರ್ಟರ್ 1777ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಅವನು ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ಗೆ ಬಂದು, ಅಲ್ಲಿಂದ ನಜರೆತ್‌ನಲ್ಲಿ ನೆಲೆಸಿದ. ಶತಮಾನದ ಕೊನೆಗೆ ಜೇಕಬ್ಸ್‌ಬರ್ಗ್ ಬಳಿ, ಬುಷ್‌ಕಿಲ್ ತೊರೆಯ ದಂಡೆಯಲ್ಲಿ ಜಮೀನು ಕೊಂಡ. ತೊರೆಯ ನೀರು ಚಕ್ರ ತಿರುಗಿಸಿತು. ಚಕ್ರ ಸುತ್ತಿಗೆಯನ್ನೂ ಬೈರಿಗೆಯನ್ನೂ ನಡೆಸಿತು. ಪೆನ್ಸಿಲ್ವೇನಿಯಾ ರಾಜ್ಯವೂ ಆಮೇಲೆ ಕೇಂದ್ರ ಸರ್ಕಾರವೂ ಮಸ್ಕೆಟ್‌ಗಳಿಗೆ ಗುತ್ತಿಗೆ ಕೊಟ್ಟವು. ಕೈಕಸುಬು ಕಾರ್ಖಾನೆಯಾದದ್ದು ಈ ಗುತ್ತಿಗೆಗಳಿಂದ. ಮೂರನೆಯ ತಲೆಮಾರಿನ ಜೆ. ಜೋಸೆಫ್ ಹೆನ್ರಿ 1812-13ರಲ್ಲಿ ಅದೇ ತೊರೆಯ ಮೇಲೆ ದೊಡ್ಡ ಕಾರ್ಖಾನೆ ಕಟ್ಟಿ, ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್‌ನ ನೆನಪಿಗೆ 'ಬೌಲ್ಟನ್' ಎಂದು ಹೆಸರಿಟ್ಟ. ಅಜ್ಜನ ಮನೆಯಲ್ಲಿ ಸಾಕ್ರಟೀಸನ ಮಾತಿತ್ತು. ಮೊಮ್ಮಗನಿಗೆ ಆದರ್ಶ ಕಾರ್ಖಾನೆಯ ಒಡೆಯ.

ಈ ಹೊತ್ತಿಗೆ ಉದ್ದ ಕೋವಿ ಹಾಡಿಗೂ ಏರಿತು. 1815ರ ಜನವರಿ 8ರ ನ್ಯೂ ಆರ್ಲಿಯನ್ಸ್ ಕದನದ ಮೇಲೆ ಸ್ಯಾಮ್ಯುಯೆಲ್ ವುಡ್‌ವರ್ತ್ ಕಟ್ಟಿದ ಲಾವಣಿ ಕೆಂಟಕಿಯ ಬೇಟೆಗಾರರನ್ನು ಮೆರೆಸಿತು. ಬಹುಪಾಲು ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಕೋವಿಗೆ 'ಕೆಂಟಕಿ ರೈಫಲ್' ಎಂಬ ಹೆಸರು ಗಟ್ಟಿಯಾದದ್ದು ಹಾಗೆ. ಆ ಕದನದಲ್ಲಿ ಬ್ರಿಟಿಷರನ್ನು ಹೆಚ್ಚು ಕೊಂದದ್ದು ಫಿರಂಗಿ ಎಂದು ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಕೆಂಟಕಿಯಿಂದ ಬಂದ ದಂಡಿನಲ್ಲಿ ಬಹಳ ಜನರ ಕೈಯಲ್ಲಿ ಕೋವಿಯೇ ಇರಲಿಲ್ಲ. ಹಾಡಿನ ಮುಂದೆ ಈ ಲೆಕ್ಕ ನಿಲ್ಲಲಿಲ್ಲ.

ಬೌಲ್ಟನ್ನಿನ ದೊಡ್ಡ ಗಿರಾಕಿ ಸೇನೆಯಾಗಿ ಉಳಿಯಲಿಲ್ಲ. 1820ರ ದಶಕದ ನಡುವಿನಿಂದ ಜಾನ್ ಜೇಕಬ್ ಆ್ಯಸ್ಟರ್‌ನ ಅಮೆರಿಕನ್ ಫರ್ ಕಂಪನಿ ಹೆನ್ರಿಗಳಿಂದ ರೈಫಲ್ ತರಿಸತೊಡಗಿತು. ಕೆಲವು 'ಲ್ಯಾಂಕಾಸ್ಟರ್ ಮಾದರಿ', ಕೆಲವು 'ಇಂಗ್ಲಿಷ್ ಮಾದರಿ'. ಮಿಸೌರಿ ನದಿಯಿಂದ ರಾಕಿ ಪರ್ವತದವರೆಗೆ ಬೀವರ್ ಹಿಡಿಯುವವರ ಕೈಗೂ, ಕಂಪನಿಗೆ ತುಪ್ಪುಳ ಚರ್ಮ ಮಾರುವ ಮೂಲನಿವಾಸಿಗಳ ಕೈಗೂ ಅವು ಹೋದವು. ಮರ ಗಟ್ಟಿ, ಅಲಂಕಾರ ಕಡಿಮೆ, ಬೆಲೆ ಹದ. ಇಂದು ಮ್ಯೂಸಿಯಂ ಗಾಜಿನೊಳಗೆ ಬೆಳ್ಳಿಯ ಕುಸುರಿ ತೋರಿಸುವ ಕೋವಿಗಿಂತ, ಸವೆದು ಸೀಳಿ ತಂತಿ ಸುತ್ತಿಸಿಕೊಂಡ ಈ ವ್ಯಾಪಾರದ ಕೋವಿಯೇ ಖಂಡದ ಚರಿತ್ರೆಯನ್ನು ಹೆಚ್ಚು ಹೇಳುತ್ತದೆ. 1830ರ ಒಪ್ಪಂದದಲ್ಲಿ ಚಾಕ್ಟಾ ಜನರನ್ನು ಮಿಸಿಸಿಪ್ಪಿಯ ಅವರ ನೆಲದಿಂದ ಎಬ್ಬಿಸಿದಾಗ, ವಲಸೆ ಹೋಗುವ ಪ್ರತಿ ಯೋಧನಿಗೆ ಒಂದು ರೈಫಲ್, ಗುಂಡಿನ ಅಚ್ಚು, ಮದ್ದುಗುಂಡು ಕೊಡುವುದಾಗಿ ಸರ್ಕಾರ ಬರೆದುಕೊಟ್ಟಿತು. ಫಿಲಡೆಲ್ಫಿಯಾದ ಡೆರಿಂಜರ್‌ನಂಥ ತಯಾರಕರಿಗೆ ಅದು ಒಳ್ಳೆಯ ವ್ಯಾಪಾರ. ನೆಲಕ್ಕೆ ಬದಲಾಗಿ ಕೋವಿ!

ಜೆ. ಜೋಸೆಫ್ 1836ರಲ್ಲಿ ತೀರಿಕೊಂಡ. ಮಗ ಜೇಮ್ಸ್ ಕಾರ್ಖಾನೆ ನಡೆಸಿದ, ಅವನ ಮಗ ಗ್ರ್ಯಾನ್‌ವಿಲ್ ಕೈಜೋಡಿಸಿದ. ಚಕಮಕಿ ಕಲ್ಲು ಹೋಗಿ ಕೇಪು ಬಂತು. ಅದಕ್ಕೂ ಅವರು ಹೊಂದಿಕೊಂಡರು. ಒಂದರ ಭಾಗ ಇನ್ನೊಂದಕ್ಕೆ ಕೂರುವಂತೆ ಯಂತ್ರದಲ್ಲಿ ಕಡೆದ ಹಿಂಬದಿಯಿಂದ ತುಂಬುವ ಕೋವಿಗಳು ಬಂದ ಮೇಲೆ ಹೊಂದಿಕೊಳ್ಳಲಾಗಲಿಲ್ಲ. ಬಾಯಿಯಿಂದ ತುಂಬುವ ಅಗ್ಗದ ಕೋವಿಗಳನ್ನು ಮಾರುತ್ತ ಶತಮಾನದ ಕೊನೆಯವರೆಗೆ ದಿನ ತಳ್ಳಿದರು. 1860ರ 'ಹೆನ್ರಿ ರೈಫಲ್' ಎಂದು ಹೆಸರಾದ, ಒಂದರ ಹಿಂದೆ ಒಂದು ಗುಂಡು ಹಾರಿಸುವ ಕೋವಿ ಇವರದಲ್ಲ. ಅದು ನ್ಯೂ ಹೇವನ್ನಿನ ಬೆಂಜಮಿನ್ ಟೈಲರ್ ಹೆನ್ರಿಯದು, ಬೇರೆ ಮನೆತನ. ಇನ್ನೊಂದು ಕವಲಿನ ವಿಲಿಯಂ ಹೆನ್ರಿ ಕೋವಿ ಬಿಟ್ಟು ಕಬ್ಬಿಣ ಹಿಡಿದ. 1840ರಲ್ಲಿ ಅಳಿಯ ಸೆಲ್ಡನ್ ಸ್ಕ್ರ್ಯಾಂಟನ್ ಮತ್ತಿತರರೊಂದಿಗೆ ಅವನು ಕಟ್ಟಿದ ಕಬ್ಬಿಣದ ಕುಲುಮೆಯ ಸುತ್ತಲೇ ಸ್ಕ್ರ್ಯಾಂಟನ್ ನಗರ ಬೆಳೆಯಿತು. ಜೇಮ್ಸ್ ಹೆನ್ರಿ 1859ರಲ್ಲಿ ಮೊರೇವಿಯನ್ನರ ಬದುಕು ಮತ್ತು ಸ್ವಭಾವದ ಮೇಲೆ ಒಂದು ಪುಸ್ತಕ ಬರೆದ. ಬೌಲ್ಟನ್ನಿನ ಜಾಗದಲ್ಲಿ ಈಗ ಉದ್ದ ಕೋವಿಗಳ ಮ್ಯೂಸಿಯಂ ಇದೆ.

ಕೋವಿಯ ಜೊತೆ ಹೆನ್ರಿಗಳ ಹೆಸರೂ ಒಂದು ವಿಚಿತ್ರ ದಾರಿಯಲ್ಲಿ ಪಶ್ಚಿಮಕ್ಕೆ ಹೋಯಿತು. ಗೆಲೆಲೆಮೆಂಡ್, ಬಿಳಿಯರ ಬಾಯಲ್ಲಿ ಕಿಲ್‌ಬಕ್, ಡೆಲವೇರ್ ಜನಾಂಗದ ನಾಯಕ. ಹಿಂದೊಮ್ಮೆ ಫ್ರೆಂಚ್ ಯುದ್ಧದ ದಿನಗಳಲ್ಲಿ ಲ್ಯಾಂಕಾಸ್ಟರಿನ ವಿಲಿಯಂ ಹೆನ್ರಿ ಅವನ ಜೀವ ಉಳಿಸಿದನೆಂದೂ, ಇಬ್ಬರೂ ಹೆಸರು ಬದಲಾಯಿಸಿಕೊಂಡರೆಂದೂ ಕಥೆಯಿದೆ. ಘಟನೆಗೆ ಗಟ್ಟಿ ದಾಖಲೆಯಿಲ್ಲ, ಹೆಸರಿಗಿದೆ. 1778ರಲ್ಲಿ ಫೋರ್ಟ್ ಪಿಟ್‌ನಲ್ಲಿ ಅಮೆರಿಕದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ಮೂವರು ಡೆಲವೇರ್ ನಾಯಕರಲ್ಲಿ ಅವನೊಬ್ಬ. 1782ರ ಮಾರ್ಚ್ 8ರಂದು ಗ್ನಾಡನ್‌ಹ್ಯೂಟನ್ನಿನಲ್ಲಿ ಪೆನ್ಸಿಲ್ವೇನಿಯಾದ ಮಿಲಿಷಿಯಾ 96 ಮೊರೇವಿಯನ್ ಡೆಲವೇರರನ್ನು ಕೊಂದಿತು. ಅದೇ ತಿಂಗಳು ಪಿಟ್ಸ್‌ಬರ್ಗಿನ ಎದುರಿನ ನಡುಗಡ್ಡೆಯಲ್ಲಿ ಅಮೆರಿಕದ ಮಿತ್ರನಾಗಿಯೇ ನೆಲೆಸಿದ್ದ ಗೆಲೆಲೆಮೆಂಡ್‌ನ ಮೇಲೂ ದಾಳಿಯಾಯಿತು. ನದಿ ಈಜಿ ಬದುಕಿಕೊಂಡ. ಕೆಲವು ವರ್ಷಗಳ ಮೇಲೆ ಮೊರೇವಿಯನ್ನರಿಂದ ದೀಕ್ಷೆ ಪಡೆದಾಗ ಅವನು ತೆಗೆದುಕೊಂಡ ಹೆಸರು ವಿಲಿಯಂ ಹೆನ್ರಿ.

ಮುಂದಿನವರು ಆ ಹೆಸರನ್ನು ಬಿಡಲಿಲ್ಲ. ಅವನ ವಂಶದ ಜಾನ್ ಹೆನ್ರಿ ಕಿಲ್‌ಬಕ್ 1861ರಲ್ಲಿ ಕಾನ್ಸಾಸ್‌ನಲ್ಲಿ ಹುಟ್ಟಿ, ಓದಲಿಕ್ಕೆಂದು ನಜರೆತ್‌ನ ಮೊರೇವಿಯನ್ ಶಾಲೆಗೆ ಬಂದ. ಬೌಲ್ಟನ್ ಅಲ್ಲಿಂದ ಕೆಲವೇ ಮೈಲಿ. ಜೇಮ್ಸ್ ಹೆನ್ರಿ ಇನ್ನೂ ಬದುಕಿದ್ದ, ಕಾರ್ಖಾನೆ ಇನ್ನೂ ಕೋವಿ ಮಾಡುತ್ತಿತ್ತು. 1885ರಲ್ಲಿ ಕಿಲ್‌ಬಕ್ ಹೆಂಡತಿ ಈಡಿತ್ ಜೊತೆ ಅಲಾಸ್ಕಾಕ್ಕೆ ಹೋಗಿ, ಕಸ್ಕೊಕ್ವಿಮ್ ನದಿಯ ದಡದ ಬೆತೆಲ್‌ನಲ್ಲಿ ಮಿಷನ್ ತೆರೆದು, ಯುಪಿಕ್ ಭಾಷೆ ಕಲಿತು, 1922ರಲ್ಲಿ ಆ ಸೀಮೆಯಲ್ಲೇ ತೀರಿಕೊಂಡ.